ಸಾಕು, ಬಸ್ಸು, ತಂತಿ

ಅಕ್ಕ ಆಡಿದ ಮೊದಲ ಮಾತು ‘ಸಾಕು’. ಇದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಹೇಳುವಾಗಲೆಲ್ಲ ಗಂಜಿಯ ಬಟ್ಟಲು, ಸ್ಟೀಲ್ ಚಮಚ, ಅವಳ ಗದ್ದದ ಮೇಲೆ ಇಳಿದ ಒಂದು ಗೆರೆ ಗಂಜಿ ಎಲ್ಲವೂ ತಾವಾಗಿ ಬಂದು ಸೇರಿಕೊಳ್ಳುತ್ತವೆ. ಚಮಚ ನಿಜಕ್ಕೂ ಸ್ಟೀಲಿನದೇ? ಗೊತ್ತಿಲ್ಲ. ಗಂಜಿಯೋ, ಹಾಲಿನಲ್ಲಿ ಅದ್ದಿದ ಬನ್ನೋ, ಅದೂ ಗೊತ್ತಿಲ್ಲ. ಹತ್ತು ಸಲ ಹೇಳಿದ ಮೇಲೆ ಕಥೆ ತನಗೆ ಬೇಕಾದ ಪಾತ್ರೆಗಳನ್ನು ತಾನೇ ತಂದುಕೊಳ್ಳುತ್ತದೆ. ಇದನ್ನು ಓದುವವರು ಪಾತ್ರೆಗಳನ್ನು ನಂಬಬೇಕಾಗಿಲ್ಲ. ಮಾತನ್ನು ನಂಬಬಹುದು. ಮಾತು ಪಟ್ಟಿಯಲ್ಲಿತ್ತು.

‘ಮೊದಲ ಮಾತು’ ಎನ್ನುವುದೂ ತಪ್ಪು. ಅವಳು ಮೂವತ್ತನಾಲ್ಕು ವರ್ಷ ಮಾತಾಡಿದವಳು, ಅದೂ ಕಡಿಮೆಯೇನಲ್ಲ. ಪೀಣ್ಯದಲ್ಲಿ ಮೋಟರುಗಳಿಗೆ ತಂತಿ ಸುತ್ತುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಬಲಗೈಯಿಂದ ತಂತಿ ಜಾರಿತಂತೆ. ಜಾರಿದ ತಂತಿಯನ್ನು ನೋಡುತ್ತ ನೋಡುತ್ತ ಬೆಂಚಿನ ಮೇಲೆ ವಾಲಿದಳಂತೆ. ಪಾರ್ಶ್ವವಾಯು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ನಾವು ಹೇಳಿದ್ದು ಅವಳಿಗೆ ತಿಳಿಯುತ್ತಿತ್ತು. ಅವಳು ಹೇಳಬೇಕಾದದ್ದು ಬಾಯಿಗೆ ಬರುತ್ತಿರಲಿಲ್ಲ.

ಆಸ್ಪತ್ರೆಗೆ ಅವ್ವ ಒಂದು ಸಲ ಬಂದಳು. ಅವ್ವ ಬೊಮ್ಮನಹಳ್ಳಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು, ಅಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿದ ಶರ್ಟುಗಳ ದಾರದ ತುದಿ ಕತ್ತರಿಸುವ ಕೆಲಸ. ಅಪ್ಪ ಹೋದಮೇಲೆ ನಮ್ಮಿಬ್ಬರನ್ನು ಸಾಕಿದ್ದು ಆ ಕತ್ತರಿಯೇ. ಅಕ್ಕ ಗಂಡನ ಮನೆ ಬಿಟ್ಟು ಪೀಣ್ಯಕ್ಕೆ ನನ್ನ ರೂಮಿಗೆ ಬಂದಾಗ ಅವ್ವ ಅವಳಿಗೆ, “ಗಂಡನ್ ಬಿಟ್ಟೋಳು ನನ್ ಕಣ್ಮುಂದೆ ಬರ್ಬ್ಯಾಡ” ಅಂದಿದ್ದಳು. ಅಕ್ಕ ಹೋಗಲಿಲ್ಲ. ಎರಡು ವರ್ಷ ಇಬ್ಬರೂ ಮಾತಾಡಿರಲಿಲ್ಲ.

ಆಸ್ಪತ್ರೆಯಲ್ಲಿ ಅವ್ವ ಮಂಚದ ಬಲಗಡೆ ನಿಂತಳು. ಅಕ್ಕನ ಮುಖ ಎಡಗಡೆಗೆ, ಗೋಡೆಯ ಕಡೆಗೆ ಇತ್ತು. ಅವ್ವ ಹತ್ತು ನಿಮಿಷ ನಿಂತಳು. ಅಕ್ಕ ತಿರುಗಲಿಲ್ಲ. ಈ ಕಾಯಿಲೆಯಲ್ಲಿ ಕೆಲವು ದಿನ ಕತ್ತು, ಕಣ್ಣು ಒಂದೇ ಕಡೆ ಎಳೆದುಕೊಂಡಿರುತ್ತವೆ, ಬಲಗಡೆ ನಿಂತವರು ಅವರಿಗೆ ಇಲ್ಲದ ಹಾಗೆ, ಎಂದು ಡಾಕ್ಟರು ನನಗೆ ಹೇಳಿದರು. ನಾನು ಅವ್ವನ ಹಿಂದೆ ಕಾರಿಡಾರಿಗೆ ಓಡಿಹೋಗಿ ಅದನ್ನೇ ಹೇಳಿದೆ.

“ಡಾಕ್ಟ್ರಿಗೆ ನನ್ ಮಗಳು ಗೊತ್ತಾ? ಮಕ ತಿರುಗಿಸ್ಕಂಡವ್ಳೆ. ನಂಗೊತ್ತಿಲ್ವಾ ಅವಳ ಮಕ?”

“ಅಂಗಲ್ಲ ಕಣವ್ವ...”

“ಬಾಯಿ ಬರ್ಲಿ. ಬಾಯಿ ಬಂದ್ಮೇಲೆ ಒಂದ್ಸಲ, ಒಂದೇ ಒಂದ್ಸಲ ಅವ್ವ ಅಂತ ಕರೀಲಿ. ಅವತ್ತೇ ಬತ್ತೀನಿ. ಕತ್ರಿ ಅಲ್ಲೇ ಮಡಗಿ ಬತ್ತೀನಿ. ಅಲ್ಲಿಗಂಟ ನಾ ಬಂದ್ರೆ ಅವಳಿಗೆ ಸಂಕ್ಟ, ನಂಗೂ ಸಂಕ್ಟ.”

ಇಷ್ಟು ಉದ್ದ ಮಾತಾಡಿದ್ದಳೇ? ಬಹುಶಃ ‘ಬಾಯಿ ಬರ್ಲಿ’ ಎಂದಷ್ಟೇ ಹೇಳಿ ಹೋದಳೇನೋ. ಉಳಿದದ್ದು ಆಮೇಲೆ ಫೋನಿನಲ್ಲಿ ಹೇಳಿದ್ದಿರಬಹುದು. ಆದರೆ ಷರತ್ತು ಇದೇ. ಅದರಲ್ಲಿ ಅನುಮಾನ ಇಲ್ಲ, ಯಾಕೆಂದರೆ ಆರು ತಿಂಗಳು ನಾನು ಬದುಕಿದ್ದು ಅದರೊಳಗೇ.

*

ನಾನು ಎಂಟು ವರ್ಷ, ಪ್ರೋಗ್ರಾಂ ಹೇಳಿದಂತೆ ಲೋಹ ಕಡೆಯುವ ಸಿಎನ್‌ಸಿ ಲೇತ್ ನಡೆಸಿದವನು. ಆಮೇಲೆ ಅದೇ ಯೂನಿಟ್ಟಿನ ಕ್ವಾಲಿಟಿ ರೂಮಿಗೆ ಬಂದೆ: ಅಳತೆ ನೋಡುವುದು, ಸರಿ ಇದ್ದ ಪೀಸನ್ನು ಹಸಿರು ಟ್ರೇಗೆ ಹಾಕುವುದು, ಸರಿ ಇಲ್ಲದ್ದನ್ನು ಕೆಂಪು ಡಬ್ಬಕ್ಕೆ. ಅನುಮಾನ ಬಂದದ್ದೂ ಕೆಂಪು ಡಬ್ಬಕ್ಕೇ. ಕ್ವಾಲಿಟಿ ರೂಮಿನಲ್ಲಿ ನಾನು ಕಲಿತ ಮೊದಲ ಪಾಠ ಅದು. ಅನುಮಾನದ ಪೀಸನ್ನು ಸೇರಿಸಿ ಕಳಿಸಿದರೆ ಇಡೀ ಪೆಟ್ಟಿಗೆ ವಾಪಸ್ ಬರುತ್ತದೆ.

ಆ ರೂಮಿನಲ್ಲಿ ಒಂದು ಕಂಪ್ಯೂಟರ್ ಇತ್ತು. ಮೂರೂ ಪಾಳಿಯಲ್ಲಿ ಮೆಷಿನ್‌ಗಳಿಗೆ ಪ್ರೋಗ್ರಾಂ ಹೋಗುತ್ತಿದ್ದದ್ದು ಅದರಿಂದಲೇ, ಹಾಗಾಗಿ ಯುಪಿಎಸ್ ಮೇಲಿದ್ದ ಅದು ಯಾವತ್ತೂ ಆರುತ್ತಿರಲಿಲ್ಲ. ಹೊಸದಾಗಿ ಸೇರಿದ್ದ ಇಂಜಿನಿಯರ್ ಮೇಡಂ ಅದರಲ್ಲಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಹಾಕಿ, ಅಳತೆಗಳನ್ನು ಜೋಡಿಸಲು ನನಗೆ ಕಲಿಸತೊಡಗಿದರು. ಹನ್ನೆರಡು ಪುಟ ಪ್ರಿಂಟ್ ತೆಗೆದುಕೊಟ್ಟರು. ಮೂರನೆಯ ಪುಟದಲ್ಲಿ ಪಟ್ಟಿ. ಕಪ್ಪು ಕಿಟಕಿಯಲ್ಲಿ ಮೂರು ಬಾಣದ ಗುರುತು ಬರುತ್ತದೆ, ಅದರ ಮುಂದೆ ಪಟ್ಟಿಗೊಂದು ಹೆಸರು ಕೊಟ್ಟು, ಚುಕ್ಕಿ ಇಟ್ಟು, ಅಪೆಂಡ್ ಎಂದು ಬರೆದರೆ ಹೊಸದು ಪಟ್ಟಿಯ ಕೊನೆಗೆ ಹೋಗಿ ಕೂರುತ್ತದೆ. “ಕೊನೆಗೆ ಮಾತ್ರ. ಮಧ್ಯ ನುಗ್ಗಿಸ್ಬೇಕು ಅಂದ್ರೆ ಇನ್ಸರ್ಟ್. ಆದ್ರೆ ಎಲ್ಲಿ ಅಂತ ನಂಬರ್ ಹೇಳ್ಬೇಕು. ಮತ್ತೆ ನಂಬರ್ ಸೊನ್ನೆಯಿಂದ ಶುರು, ಮರೀಬೇಡಿ” ಅಂದರು ಮೇಡಂ.

ಆಗಲೇ ಆಸ್ಪತ್ರೆಯ ಮಾತಿನ ತರಬೇತಿಯವರು ನನಗೆ ಒಂದು ಕೆಲಸ ಹೇಳಿದ್ದರು. “ಯಾವ ಮಾತು ಬಂತು, ಯಾವ ಕ್ರಮದಲ್ಲಿ ಬಂತು, ಗುರುತು ಮಾಡ್ಕೊಳ್ಳಿ. ಒಂದು ವಿಷಯ. ನೋವಾದಾಗ ಕೂಗೋದು, ಬೈಯೋದು, ದೇವರ ಹೆಸರು, ಇವೆಲ್ಲ ತಾವಾಗೇ ಬರ್ತವೆ, ಬೇಕು ಅಂತ ಆಡಿದ ಮಾತಲ್ಲ. ಅವನ್ನ ಲೆಕ್ಕಕ್ಕೆ ಹಿಡೀಬೇಡಿ.”

ಅಕ್ಕನನ್ನು ಆಸ್ಪತ್ರೆಯಿಂದ ರೂಮಿಗೆ ಕರೆತಂದೆ. ಸಾಕು ಎಂಬ ಮಾತು ಬಂದ ದಿನ ಅದನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಮಾರನೆಯ ಬೆಳಗಿನ ಪಾಳಿಗೆ ಹೋದೆ. ಮೂರನೆಯ ಪುಟ ತೆರೆದಿಟ್ಟುಕೊಂಡು, akka ಎಂಬ ಹೆಸರಿನ ಖಾಲಿ ಪಟ್ಟಿ ಮಾಡಿ, ಬರೆದೆ:

akka.append("SAAKU")

ಏನೂ ಆಗಲಿಲ್ಲ. ಸರಿಯಾಗಿದ್ದರೆ ಅದು ಏನೂ ಹೇಳುವುದಿಲ್ಲ, ಸುಮ್ಮನೆ ಮುಂದಿನ ಬಾಣ ತೋರಿಸುತ್ತದೆ. ಪಟ್ಟಿಯ ಹೆಸರು ಬರೆದು ಎಂಟರ್ ಒತ್ತಿದೆ. ಚೌಕ ಕಂಸಗಳ ನಡುವೆ ಒಂದೇ ಮಾತು. ಕ್ಯಾಪಿಟಲ್ ಅಕ್ಷರ ಯಾಕೆಂದರೆ ಮೆಷಿನ್‌ನ ಕೀಲಿಗಳಲ್ಲಿ ಇರುವುದು ಅವೇ, ಎಂಟು ವರ್ಷ ನನ್ನ ಬೆರಳಿಗೆ ಗೊತ್ತಿದ್ದದ್ದು ಅವೇ. ಅಂಗೈಯನ್ನು ಕೂಲೆಂಟ್ ಎಣ್ಣೆಯಲ್ಲಿ ಒರೆಸಿ ತೊಳೆದುಬಿಟ್ಟೆ. ಟೈಪ್ ಆಯಿತಲ್ಲ.

ಎರಡನೆಯ ಮಾತು ‘ಬಸ್ಸು’. ಅದು ಬಂದದ್ದು ಹೀಗೆ: ನಾನು ಅವ್ವನ ಫೋಟೋ ತೋರಿಸಿದೆ. ಮಾತಿಗೆ ಬಲವಂತ ಮಾಡಬೇಡಿ ಎಂದು ತರಬೇತಿಯವರು ಹೇಳಿದ್ದರು, ಆದರೂ ತೋರಿಸಿದೆ. ಅಕ್ಕ ತುಂಬ ಹೊತ್ತು ನೋಡಿದಳು. ಎಡಗೈ ಬೆರಳನ್ನು ಫೋಟೋ ಮೇಲೆ ಇಟ್ಟು, “ಬಸ್ಸು” ಅಂದಳು. ನಾನು ನಕ್ಕೆ. ಅವಳೂ ಬಾಯಿಯ ಒಂದು ಮೂಲೆಯಿಂದ ನಕ್ಕಳು. ಅವಳಿಗೆ ಮಾತುಗಳು ತಪ್ಪು ಜಾಗದಲ್ಲಿ ಸಿಗುತ್ತಿದ್ದವು. ಶಾವಿಗೆ ಉಪ್ಪಿಟ್ಟು ಮುಂದಿಟ್ಟಾಗ “ತಂತಿ” ಅಂದಳು, ಅದು ಮೂರನೆಯದು. ನಮ್ಮ ರೂಮಿನ ಕಿಟಕಿಯ ಕೆಳಗೇ ಬಸ್ಸು ನಿಲ್ಲುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಕ್ಷಣ ಕೆಳಗೆ ಬಸ್ಸಿನ ಸದ್ದಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಪಟ್ಟಿಯಲ್ಲಿ ಮಾತು ಮಾತ್ರ ಉಳಿಯುತ್ತದೆ, ಮಾತು ಬರುವಾಗ ಎದುರಿಗೆ ಏನಿತ್ತು ಎಂಬುದು ಉಳಿಯುವುದಿಲ್ಲ.

*

ಶನಿವಾರ ಊಟದ ಬಿಡುವಿನಲ್ಲಿ ಅವ್ವ ಫೋನ್ ಮಾಡುತ್ತಿದ್ದಳು. ಗಾರ್ಮೆಂಟ್ಸ್ ಗೇಟಿನ ಎದುರು ಅಂಗಡಿಯ ಕಾಯಿನ್ ಬಾಕ್ಸಿನಿಂದ ನಮ್ಮ ಕ್ವಾಲಿಟಿ ರೂಮಿನ ಫೋನಿಗೆ. ಹಿಂದೆ ಲಾರಿಗಳ ಸದ್ದು, ಹೊಸೂರು ರಸ್ತೆಯ ಮೇಲೆ ಕಟ್ಟುತ್ತಿದ್ದ ಮೇಲುರಸ್ತೆಯ ಸದ್ದು, ಫೋನಿಗೆ ಕಾದು ನಿಂತ ಹೆಂಗಸರ ಗಲಾಟೆ.

“ಎಂಗವ್ಳೆ?”

“ಪರ್ವಾಗಿಲ್ಲ. ಕೂರ್ತಾಳೆ.”

“ಓದು, ಓದು. ಕಾಯಿನ್ನು ಮುಗೀತದೆ.”

ನಾನು ಎಂಟರ್ ಒತ್ತಿ ಪಟ್ಟಿ ಓದುತ್ತಿದ್ದೆ. ಪ್ರತಿ ಸಲ ಮೊದಲಿನಿಂದ. ಹೊಸದನ್ನಷ್ಟೇ ಹೇಳುತ್ತೇನೆ ಎಂದರೆ ಕೇಳುತ್ತಿರಲಿಲ್ಲ. ಸಾಕು. ಬಸ್ಸು. ತಂತಿ. ಓದಿ ಮುಗಿದ ಮೇಲೆ ಒಂದೇ ಪ್ರಶ್ನೆ.

“ನನ್ ಕರದ್ಲಾ?”

“ಇಲ್ಲ ಕಣವ್ವ.”

“ಸರಿ ಮಡಗ್ಲಾ.”

ನಾಲ್ಕನೆಯ ಮಾತು ಓದಿದ ಶನಿವಾರ ಮಾತ್ರ ಬೇರೆ. ಅಕ್ಕನ ಕಾಲಿಗೆ ಎಣ್ಣೆ ತಿಕ್ಕುವಾಗ ನಾನು ಬಾಟಲಿ ಚೆಲ್ಲಿದ್ದೆ. ಅವಳು ಸ್ಪಷ್ಟವಾಗಿ, ಒಂದಕ್ಷರ ಬಿಡದೆ, “ಮುಂಡೇದು” ಅಂದಿದ್ದಳು. ಬೈಗುಳ ಹಿಡಿಯಬೇಡಿ ಎಂದಿದ್ದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಸೇರಿಸಿಯೇ ಬಿಟ್ಟೆ. ಫೋನಿನಲ್ಲಿ ಓದಿದಾಗ ಅವ್ವ ಗೊಳ್ಳೆಂದು ನಕ್ಕಳು.

“ಅದು ನಂದಲ್ವೇನ್ಲಾ! ನನ್ ಮಾತು ಅದು! ನಾ ಬೈತಿದ್ದಿದ್ದು!” ಪಕ್ಕದಲ್ಲಿದ್ದವರಿಗೆ ಹೇಳಿದಳು: “ನನ್ ಮಗಳು ಮುಂಡೇದು ಅಂದವ್ಳಂತೆ ಕಣ್ರಮ್ಮಿ!” ಯಾರೋ, “ಹಂಗಾದ್ರೆ ಉಷಾರಾದ್ಲು ಬಿಡ್ರಿ, ಸ್ವೀಟ್ ಹಂಚ್ರಿ” ಅಂದರು. ಉತ್ತರ ಕರ್ನಾಟಕದ ದನಿ. ಎಲ್ಲರೂ ನಕ್ಕರು. ಕಾಯಿನ್ ಮುಗಿದು ಫೋನ್ ಕಟ್ಟಾಯಿತು.

ನಿಂಬೆಹಣ್ಣು. ಬಾಗಿಲು. ಬಿಸಿ. ಛತ್ರಿ. ಸೂಪರ್‌ವೈಸರ್. ಇಷ್ಟು ಉದ್ದದ ‘ಸೂಪರ್‌ವೈಸರ್’ ಅವಳ ಬಾಯಲ್ಲಿ ಇಡಿಯಾಗಿ ಬಂತು, ‘ನೀರು’ ಬರಲಿಲ್ಲ. ಒಮ್ಮೆ ನಾನು ಅಪೆಂಡ್ ಬದಲು ಎಕ್ಸ್‌ಟೆಂಡ್ ಎಂದು ಬರೆದುಬಿಟ್ಟೆ, ನಾಲ್ಕನೆಯ ಪುಟದ ಪದ. ಆವತ್ತಿನ ಮಾತು ‘ಹಲ್ಲಿ’. ಪಟ್ಟಿ ತೆಗೆದು ನೋಡಿದರೆ ಹಲ್ಲಿ ಒಡೆದು ಐದು ಬಿಡಿ ಅಕ್ಷರಗಳಾಗಿ ಸಾಲಾಗಿ ಬಿದ್ದಿತ್ತು, ಒಂದೊಂದು ಅಕ್ಷರವೂ ತಾನೇ ಒಂದು ಮಾತು ಅನ್ನುವ ಹಾಗೆ. ಅಕ್ಕನ ಬಾಯೊಳಗೆ ಅದು ಹಾಗೇ ಇತ್ತು. ಹ, ಹ, ಲ್, ಎಂದು ಅವಳು ಕಾಲು ಗಂಟೆ ಒದ್ದಾಡಿದ್ದಳು. ನಾನು ಅಕ್ಷರಗಳನ್ನು ಒಂದೊಂದಾಗಿ ಅಳಿಸಿ, ಇಡೀ ಹಲ್ಲಿಯನ್ನು ಮತ್ತೆ ಸೇರಿಸಿದೆ.

ಮೇಡಂ ಅಷ್ಟರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿ ಹೋಗಿದ್ದರು. ನನ್ನ ಹತ್ತಿರ ಉಳಿದದ್ದು ಹನ್ನೆರಡು ಪುಟ, ಮತ್ತು ಯಾವತ್ತೂ ಮುಚ್ಚದ ಒಂದು ಕಪ್ಪು ಕಿಟಕಿ.

*

‘ಬಿಸಿ’ಯ ಬಗ್ಗೆ ಹೇಳಬೇಕು. ಈವರೆಗೆ ಬರೆದದ್ದೆಲ್ಲ ಇದನ್ನು ಮುಂದೂಡುವುದಕ್ಕೆ ಬರೆದದ್ದಿರಬಹುದು.

ಭಾನುವಾರ. ಅಕ್ಕನ ಸ್ನಾನಕ್ಕೆ ನೀರು ಕಾಯಿಸಿ ಬಕೆಟ್ಟಿಗೆ ಸುರಿದಿದ್ದೆ, ತಣ್ಣೀರು ಬೆರೆಸಿರಲಿಲ್ಲ. ಮನೆ ಓನರ್ ಆಂಟಿ ಬಂದು ಸ್ನಾನ ಮಾಡಿಸುತ್ತಿದ್ದರು, ನನ್ನ ಪಾಳಿಯ ಹೊತ್ತಿನಲ್ಲಿ ಅಕ್ಕನನ್ನು ನೋಡಿಕೊಳ್ಳುತ್ತಿದ್ದವರೂ ಅವರೇ. ಅವರಿನ್ನೂ ಬಂದಿರಲಿಲ್ಲ. ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಎಡಗೈಯನ್ನು ಬಕೆಟ್ಟಿಗೆ ಅದ್ದಿದಳು. ಕೂಗಿದಳು. ನಾನು ಓಡಿ ಹೋಗಿ ಕೈ ಹಿಡಿದುಕೊಂಡೆ. ಕೈ ಕೆಂಪಾಗಿತ್ತು. ನನ್ನ ಮುಖ ನೋಡಿ, ಬಕೆಟ್ ನೋಡಿ, “ಬಿಸಿ” ಅಂದಳು.

ಕೂಗಿದ್ದು “ಅವ್ವಾ” ಎಂದು.

ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಮುಂದೆ ಕೂತಾಗ ನನ್ನ ಹತ್ತಿರ ಎರಡು ಮಾತಿದ್ದವು. ಒಂದು ಸರಿಯಾದದ್ದು, ಬಿಸಿ ನೀರಿಗೆ ಬಿಸಿ ಎಂದದ್ದು. ಇನ್ನೊಂದು ಅನುಮಾನದ್ದು. ನೋವಾದರೆ ಎಲ್ಲರೂ ಅವ್ವಾ ಎನ್ನುತ್ತಾರೆ. ಅದು ಕರೆಯುವುದಲ್ಲ. ಹಿಡೀಬೇಡಿ ಎಂದಿದ್ದರು. ಕೈ ತಾನಾಗಿ ಕೆಂಪು ಡಬ್ಬದ ಕಡೆ ಹೋಯಿತು. ಬಿಸಿ ಒಂದನ್ನೇ ಸೇರಿಸಿದೆ.

ಹೀಗೆ ಬರೆದರೆ ನಾನೊಬ್ಬ ನಿಯತ್ತಿನ ಇನ್‌ಸ್ಪೆಕ್ಟರ್ ಅನ್ನಿಸುತ್ತದೆ. ಹಾಗಾದರೆ ಬೈಗುಳವನ್ನು ಹೇಗೆ ಸೇರಿಸಿದೆ? ಅದೂ ತಾನಾಗಿ ಬಂದದ್ದೇ. ಇದಕ್ಕೆ ನಾನು ಕೊಟ್ಟುಕೊಂಡ ಉತ್ತರಗಳು ವರ್ಷಕ್ಕೊಂದು. ಅವ್ವನಿಗೆ ಸುಳ್ಳು ಆಸೆ ಹುಟ್ಟಿಸಬಾರದು ಎಂದಿದ್ದೆ, ಅದು ಒಂದು. ಅಕ್ಕ ನಿಜವಾಗಿ ಕರೆದಾಗ ಸೇರಿಸಿದರಾಯಿತು, ಬೇಗ ಕರೆಯುತ್ತಾಳೆ ಎಂದುಕೊಂಡಿದ್ದೆ, ಅದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಅಡಿಯಲ್ಲಿ ಇನ್ನೊಂದು ಇದೆ. ಎರಡು ವರ್ಷ ಅಕ್ಕ ಹಬ್ಬದ ದಿನಗಳಲ್ಲಿ ಗೋಡೆ ನೋಡಿಕೊಂಡು ಕೂತದ್ದನ್ನು ನೋಡಿದವನು ನಾನು. ಅವ್ವ ಇನ್ನೊಂದಿಷ್ಟು ದಿನ ಕಾಯಲಿ ಅನ್ನಿಸಿತ್ತು. ಅನ್ನಿಸಿತ್ತೇ? ಅಥವಾ ಈಗ, ಶಿಕ್ಷೆ ಸಾಲದು ಎಂದು, ನಾನೇ ಅದನ್ನು ಹಿಂದಕ್ಕೆ ಹೋಗಿ ಸೇರಿಸುತ್ತಿದ್ದೇನೆಯೇ?

ಆ ಶನಿವಾರ ಓದಿದೆ. ಬಾಗಿಲು. ಬಿಸಿ.

“ನನ್ ಕರದ್ಲಾ?”

“ಇಲ್ಲ.”

*

ಪೀಣ್ಯದಲ್ಲಿ ಎಲ್ಲ ಮೆಷಿನ್‌ಗಳೂ ಒಟ್ಟಿಗೆ ಆರುವುದು ವರ್ಷಕ್ಕೊಂದೇ ದಿನ, ಆಯುಧಪೂಜೆಗೆ. ಹಿಂದಿನ ದಿನವೇ ಡೀಸೆಲ್ ಹಾಕಿ ಉಜ್ಜಿ, ಮೈನ್ ಸ್ವಿಚ್ ಇಳಿಸಿ, ಕುಂಕುಮ ವಿಭೂತಿ ಹಚ್ಚಿ, ಬಾಳೆಕಂದು ಕಟ್ಟುತ್ತೇವೆ. ಕಿವಿಗೆ ಆ ನಿಶ್ಶಬ್ದ ಒಗ್ಗುವುದೇ ಇಲ್ಲ. ಕಂಪ್ಯೂಟರಿಗೂ ಪೂಜೆ. “ಅದನ್ನೂ ಆಫ್ ಮಾಡಪ್ಪಾ, ಓಡ್ತಿರೋ ಗಾಡಿಗೆ ಯಾರಾದ್ರೂ ಪೂಜೆ ಮಾಡ್ತಾರಾ?” ಅಂದರು ನಮ್ಮ ಸೂಪರ್‌ವೈಸರ್. ನಾನೇ ಆಫ್ ಮಾಡಿದೆ. ಪಟ್ಟಿಯಲ್ಲಿ ಆಗ ಮೂವತ್ತೊಂದು ಮಾತು.

ನನಗೆ ಒಂದಿಷ್ಟೂ ಹೆದರಿಕೆ ಆಗಲಿಲ್ಲ. ಯಾಕೆಂದು ಹೇಳಬೇಕು, ಇದು ನಮ್ಮಂಥವರು ಮಾತ್ರ ಮಾಡುವ ತಪ್ಪು. ಸಿಎನ್‌ಸಿ ಮೆಷಿನ್‌ನಲ್ಲಿ ನೀವು ಒತ್ತಿದ್ದು ಉಳಿಯುತ್ತದೆ. ಉಳಿಸು ಎಂದು ಬೇರೆ ಹೇಳಬೇಕಾಗಿಲ್ಲ. ಕಂಟ್ರೋಲಿನೊಳಗೆ ಒಂದು ಚಿಕ್ಕ ಬ್ಯಾಟರಿ ಇರುತ್ತದೆ, ಕರೆಂಟು ಹೋದರೂ ನೆನಪನ್ನು ಅದು ಹಿಡಿದಿರುತ್ತದೆ. ಬ್ಯಾಟರಿ ಬದಲಾಯಿಸುವಾಗ ಮಾತ್ರ ಮೆಷಿನ್ ಚಾಲೂ ಇರಬೇಕು, ಅಷ್ಟು ಗೊತ್ತಿದ್ದರೆ ಸಾಕು. ಎಂಟು ವರ್ಷ ಹಾಗೆ ಬದುಕಿದವನಿಗೆ ಟೈಪ್ ಮಾಡಿದ್ದು ಎಲ್ಲಿಗೂ ಹೋಗುವುದಿಲ್ಲ. ಹನ್ನೆರಡು ಪುಟದಲ್ಲಿ ಎಲ್ಲಿಯೂ ಪಟ್ಟಿಯನ್ನು ಫೈಲಿಗೆ ಬರೆದಿಡಿ ಎಂದು ಇರಲಿಲ್ಲ. ಬಹುಶಃ ಅದು ಹದಿಮೂರನೆಯ ಪುಟ.

ವಿಜಯದಶಮಿ ಕಳೆದು ಕಂಪ್ಯೂಟರ್ ಹಾಕಿದೆ. ಪರದೆಯ ಅಂಚಿನಲ್ಲಿ ಕುಂಕುಮ. ಕಪ್ಪು ಕಿಟಕಿ ತೆರೆದೆ, ಪಟ್ಟಿಯ ಹೆಸರು ಬರೆದು ಎಂಟರ್ ಒತ್ತಿದೆ. ಈ ಹೆಸರಿನದು ಯಾವುದೂ ನನಗೆ ಗೊತ್ತಿಲ್ಲ ಎಂದು ಕೆಂಪಲ್ಲದ, ಸಾಧಾರಣ ಬಿಳಿ ಅಕ್ಷರದಲ್ಲಿ ಬಂತು. ಕಾಗುಣಿತ ತಪ್ಪಿರಬೇಕೆಂದು ನಾಲ್ಕು ಅಕ್ಷರವನ್ನು ಮತ್ತೆ ಒತ್ತಿದೆ. ಎಷ್ಟು ಸಲ ಒತ್ತಿದೆನೋ.

ಶನಿವಾರ ಫೋನ್ ಬಂತು.

“ಓದು.”

ನೆನಪಿನಿಂದ ಶುರು ಮಾಡಿದೆ. “ಸಾಕು, ಬಸ್ಸು, ತಂತಿ, ಮುಂಡೇದು, ನಿಂಬೆಹಣ್ಣು, ಛತ್ರಿ...”

“ಬಾಗ್ಲು.”

“ಆಂ?”

“ನಿಂಬೆಅಣ್ಣು ಆದ್ಮೇಲೆ ಬಾಗ್ಲು. ಆಮೇಲ್ ಬಿಸಿ. ಆಮೇಲ್ ಛತ್ರಿ. ಯಾಕ್ಲಾ ಇವತ್ ಇಂಗ್ ಓದ್ತೀಯ? ಕಣ್ಗೆ ಏನಾಗದೆ?”

“ಅವ್ವ, ಪಟ್ಟಿ ಹೋಯ್ತು ಕಣವ್ವ. ಪೂಜೆಗೆ ಆಫ್ ಮಾಡ್ಬಿಟ್ಟೆ.”

ಆ ಕಡೆ ಲಾರಿಯೊಂದು ಹಾದುಹೋಯಿತು. ಬೈಯುತ್ತಾಳೆ ಎಂದುಕೊಂಡೆ. ಇನ್ನೊಂದು ಕಾಯಿನ್ ಬಿದ್ದ ಸದ್ದಾಯಿತು.

“ಬರ್ಕೊ” ಅಂದಳು.

ಒಂದೊಂದಾಗಿ ಹೇಳಿದಳು, ನಿಧಾನವಾಗಿ, ನಾನು ಟೈಪ್ ಮಾಡುವವರೆಗೆ ಕಾದು. ಮೂವತ್ತೊಂದು ಮಾತು. ಅದೇ ಕ್ರಮ. ದಾರ ಕತ್ತರಿಸುವಾಗ ವಾರವೆಲ್ಲ ಹೇಳಿಕೊಳ್ಳುತ್ತಿದ್ದಳಂತೆ, ಒಂದು ಶರ್ಟಿಗೊಂದು ಮಾತು. ನಾನು ಅಪೆಂಡ್, ಅಪೆಂಡ್ ಎಂದು ಅವಳ ಹಿಂದೆ ಹೋದೆ. ಬಾಗಿಲು ಬಂತು. ಮುಂದೆ ಬಿಸಿ ಬರುತ್ತದೆ ಎಂದು ನನಗೆ ಗೊತ್ತಿತ್ತು. ಆ ಎರಡರ ನಡುವೆ ನನ್ನ ಬೆರಳು ನಿಂತಿತು.

ಆಗ ಹೇಳಬಹುದಿತ್ತು. ಅಕ್ಕ ಆಗಿನ್ನೂ ಇದ್ದಳು. ಇಲ್ಲಿ ಇನ್ನೊಂದು ಇತ್ತು ಅವ್ವ, ನಾನು ಓದಿರಲಿಲ್ಲ, ಎನ್ನಬಹುದಿತ್ತು. ಅವತ್ತು ಸಂಜೆ ಅವ್ವ ಎರಡು ಬಸ್ಸು ಬದಲಾಯಿಸಿ ಪೀಣ್ಯದಲ್ಲಿ ಇಳಿಯುತ್ತಿದ್ದಳು.

“ಬರ್ಕೊಂಡ್ಯಾ? ಬಿಸಿ” ಅಂದಳು.

ಬರೆದುಕೊಂಡೆ. ಮುಂದಿನ ಶನಿವಾರ ಹೇಳೋಣ ಎಂದುಕೊಂಡೆ.

ಅದೇ ದಿನ ಮೇಡಂಗೆ ಫೋನ್ ಮಾಡಿ ಫೈಲಿಗೆ ಬರೆದಿಡುವುದನ್ನು ಕಲಿತೆ. ಮುಂದಿನ ಶನಿವಾರ ಹೊಸದು ‘ಚಪ್ಪಲಿ’. ಅದರ ಮುಂದಿನದು ‘ಆಮೇಲೆ’, ಮತ್ತು ‘ಸೀಗೆಕಾಯಿ’. ಆ ಎರಡೂ ಶನಿವಾರ ನಾನು ಹೇಳಲಿಲ್ಲ.

ಅದರ ಮರುವಾರ, ಬುಧವಾರ ಬೆಳಿಗ್ಗೆ, ಓನರ್ ಆಂಟಿ ಯೂನಿಟ್ಟಿಗೆ ಫೋನ್ ಮಾಡಿದರು. ನಾನು ಕೈಯಲ್ಲಿದ್ದ ಅಳತೆಯ ಗೇಜನ್ನು ಎಲ್ಲಿಟ್ಟೆನೋ. ಮನೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಎರಡನೆಯ ಸ್ಟ್ರೋಕ್.

ಅವ್ವ ಬಂದಳು. ಕತ್ತಿನಲ್ಲಿ ಗಾರ್ಮೆಂಟ್ಸ್‌ನ ಗುರುತಿನ ಚೀಟಿ ಹಾಗೇ ಇತ್ತು, ಸೆರಗಿಗೆ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿದ್ದವು. ಜನ ಜಾಗ ಬಿಟ್ಟರು. ಎಲ್ಲರೂ ಅಕ್ಕನ ಬಲಗಡೆ ಜಾಗ ಮಾಡಿಕೊಟ್ಟಿದ್ದರು. ಅವ್ವ ಸುತ್ತಿ ಬಂದು ಎಡಗಡೆ ಕೂತಳು.

ಅವಳು ಸುತ್ತಿ ಬಂದದ್ದು ನಾನು ಕಂಡದ್ದೇ. ಇದರಲ್ಲಿ ಪಾತ್ರೆ ಪಗಡ ಯಾವುದೂ ಸೇರಿಲ್ಲ.

*

ತಿಥಿಯೆಲ್ಲ ಮುಗಿದ ಮೇಲಿನ ಒಂದು ಶನಿವಾರ ಅವ್ವ ಫೋನ್ ಮಾಡದೆ ಯೂನಿಟ್ಟಿಗೇ ಬಂದಳು. ಊಟದ ಬಿಡುವು. ಕ್ವಾಲಿಟಿ ರೂಮಿನಲ್ಲಿ ನಾನೊಬ್ಬನೇ ಇದ್ದೆ. ಸ್ಟೂಲ್ ಎಳೆದುಕೊಂಡು ಕೂತು, “ಅದೆಲ್ಲದೆ? ತೋರ್ಸು” ಅಂದಳು. ಆರು ತಿಂಗಳು ಕಿವಿಯಲ್ಲಿ ಕೇಳಿದ್ದನ್ನು ಅವಳು ಕಣ್ಣಲ್ಲಿ ನೋಡಿರಲಿಲ್ಲ.

ನಾನು ಅವಳು ಬರುವ ಮೊದಲೇ ಅದನ್ನು ಮಾಡಿಟ್ಟಿದ್ದೆ. ಆ ವಾರವೆಲ್ಲ ಮಾಡಲೋ ಬೇಡವೋ ಎಂದು ಕೂತು, ಶುಕ್ರವಾರ ಮಾಡಿದ್ದೆ:

akka.insert(6, "AVVA")

ಆರು ಎಂದರೆ ಏಳನೆಯ ಜಾಗ, ಬಿಸಿಗೆ ಮೊದಲು. ಇನ್ಸರ್ಟ್ ಮಾಡಿದರೆ ಆ ಜಾಗದಲ್ಲಿದ್ದದ್ದೂ ಅದರ ನಂತರದ್ದೆಲ್ಲವೂ ಒಂದೊಂದು ಹೆಜ್ಜೆ ಹಿಂದೆ ಸರಿಯುತ್ತವೆ, ಗೊಣಗದೆ. ಸೇರಿಸಿದ ಗುರುತೂ ಉಳಿಯುವುದಿಲ್ಲ. ನೋಡಿದರೆ ಮೊದಲಿನಿಂದ ಅಲ್ಲೇ ಇತ್ತು ಅನ್ನಿಸುತ್ತದೆ.

ಓದಿದೆ. ಅವಳು ತುಟಿ ಅಲ್ಲಾಡಿಸುತ್ತ ಜೊತೆಯಲ್ಲಿ ಹೇಳುತ್ತಿದ್ದಳು. ಸಾಕು, ಬಸ್ಸು, ತಂತಿ. ನಿಂಬೆಹಣ್ಣು. ಬಾಗಿಲು. ನಾನು “ಅವ್ವ” ಅಂದೆ, ಅವಳು “ಬಿಸಿ” ಅಂದಳು, ಎರಡೂ ಒಟ್ಟಿಗೆ. ಇಬ್ಬರೂ ನಿಂತೆವು.

“ಏನ್ಲಾ?” ಅಂದಳು. ನಾನು ತನ್ನನ್ನೇ ಕರೆದೆ ಎಂದುಕೊಂಡಿದ್ದಳು.

“ಅದು ಪಟ್ಟೀಲಿರೋದು ಕಣವ್ವ.”

ಬಕೆಟ್, ನೀರು, ಎಡಗೈ, ಎಲ್ಲ ಹೇಳಿದೆ. ಕೂಗಿದ್ದು ಏನು ಎಂದು ಹೇಳಿದೆ. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಪರದೆಯ ಮೇಲೆ ಬೆರಳಿಟ್ಟು, “ಇದಾ?” ಅಂದಳು.

“ಅದು ಬಿಸಿ. ಅದರ ಇಂದ್ಲದು.”

ಬೆರಳು ಒಂದಿಷ್ಟು ಸರಿಯಿತು. ದಾರ ಎಳೆದೆಳೆದು ತುದಿ ಸೀಳಿದ ಬೆರಳು. ಅದು ಅಲ್ಲೇ ಇತ್ತು. ಎಷ್ಟು ಹೊತ್ತು ಎಂದು ಕೇಳಬೇಡಿ, ನನಗೆ ಅದು ಇನ್ನೂ ಅಲ್ಲೇ ಇದೆ.

“ಇದು ಇರ್ನಿಲ್ಲ” ಅಂದಳು.

“ಅವತ್ತು ನಾನು ಸೇರಿಸ್ಲಿಲ್ಲ ಕಣವ್ವ. ಅವಳು ಅಂದಿದ್ದು ನಿಜ.”

“ಯಾಕ್ ಸೇರಿಸ್ನಿಲ್ಲ?”

ನಾನು ಮೇಜಿನ ಮೇಲಿನ ಟ್ರೇಗಳನ್ನು ನೋಡಿದೆ, ಹಸಿರು ಟ್ರೇ, ಕೆಂಪು ಡಬ್ಬ. ಅವಳೂ ಅವನ್ನೇ ನೋಡಿದಳು. ಅವಳು ದಾರ ಕತ್ತರಿಸುತ್ತಿದ್ದದ್ದೂ ಚೆಕಿಂಗ್ ಸೆಕ್ಷನ್ನಿನಲ್ಲೇ. ಅನುಮಾನದ ಶರ್ಟು ಎಲ್ಲಿಗೆ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

“ಇಲ್ಲ” ಅಂದಳು ಆಮೇಲೆ. “ಅವಳು ಅಂದಿರಾಕಿಲ್ಲ. ನೀ ಈಗ ನನ್ನ ಸಮಾಧಾನಕ್ಕೆ ಸೇರಿಸ್ದೆ. ತೆಗ್ದಾಕು ಅದ್ನ.”

“ಅವ್ವ, ನನ್ನಾಣೆ...”

“ಆಣೆಗೀಣೆ ಇಕ್ಬ್ಯಾಡ. ಅವಳು ಕರೀನಿಲ್ಲ. ಕರದಿದ್ರೆ ನಾ ಬತ್ತಿದ್ದೆ. ಅಷ್ಟೆ.” ಸೆರಗು ಸರಿ ಮಾಡಿಕೊಂಡು ಎದ್ದಳು. “ಊಟ ಮಾಡ್ದಾ? ಮಾಡೋಗು.”

ಅವಳು ನನ್ನನ್ನು ನಂಬಲಿಲ್ಲ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಯಾವತ್ತೋ ಇನ್ನೊಂದು ಹೊಳೆಯಿತು: ಅವಳು ಪೂರ್ತಿ ನಂಬಿದಳು. ನಂಬಿದರೆ ತಡೆದವನು ನಾನಾಗುತ್ತೇನೆ, ನಂಬದಿದ್ದರೆ ಕರೆಯದವಳು ಅಕ್ಕ ಆಗುತ್ತಾಳೆ. ಇಬ್ಬರು ಮಕ್ಕಳಲ್ಲಿ ಉಳಿದವನನ್ನು ಬಿಟ್ಟುಕೊಟ್ಟು ಅವಳಿಗೆ ಏನಾಗಬೇಕಿತ್ತು? ಹಾಗಾಗಿ ತಪ್ಪನ್ನು ಹೋದವಳ ಮೇಲೆ ಹಾಕಿ, ಭಾರವನ್ನು ತಾನು ಹೊತ್ತುಕೊಂಡು ಬಸ್ಸು ಹತ್ತಿದಳು. ಹೀಗೆ ಅಂದುಕೊಳ್ಳುವುದು ನನಗೆ ಅನುಕೂಲ ಎಂಬುದೂ ಗೊತ್ತಿದೆ. ಅನುಕೂಲದ ನೆನಪನ್ನು ಯಾವ ಡಬ್ಬಕ್ಕೆ ಹಾಕಬೇಕೋ ನನಗೆ ಯಾರೂ ಕಲಿಸಿಲ್ಲ.

ಗೇಟಿನವರೆಗೆ ಅವಳ ಜೊತೆ ಹೋದೆ. ಅವಳ ಫೋಟೋ ಮೇಲೆ ಬೆರಳಿಟ್ಟು ಅಕ್ಕ ‘ಬಸ್ಸು’ ಅಂದದ್ದನ್ನು ಅಲ್ಲಿ ಹೇಳಬೇಕೆಂದು ಬಾಯಿ ತೆರೆದೆ. ಇದನ್ನು ನಾನು ಸೇರಿಸಿದ್ದಲ್ಲ, ನಿನ್ನ ಪಟ್ಟಿಯಲ್ಲೇ ಇದೆ, ಎರಡನೆಯದೇ ಅದು, ಎನ್ನಬೇಕಿತ್ತು. ಆದರೆ ಆಗ ಅವಳು ತಾನು ಬರದೆ ಕಳೆದ ದಿನಗಳನ್ನು ಮೊದಲ ತಿಂಗಳಿನಿಂದಲೇ ಲೆಕ್ಕ ಹಾಕಬೇಕಾಗುತ್ತಿತ್ತು. ಅವಳ ಬಸ್ಸು ಬಂತು. ಕಿಟಕಿಯ ಪಕ್ಕ ಕೂತಳು. ಬಸ್ಸು ಹೊರಡುವಾಗ ಅವಳ ತುಟಿ ಅಲ್ಲಾಡುತ್ತಿತ್ತು.

ಆ ಫೈಲು ನನ್ನ ಹತ್ತಿರ ಇದೆ. ಮೂವತ್ತೈದು ಮಾತು. ತೆಗೆದುಹಾಕಿಲ್ಲ. ಆದರೆ ಈಚೆಗೆ ಒಮ್ಮೊಮ್ಮೆ, ಅಕ್ಕ ಮೊದಲು ಬಿಸಿ ಅಂದಳೋ, ಮೊದಲು ಅವ್ವಾ ಎಂದು ಕೂಗಿದಳೋ ಎಂದು ಅನುಮಾನ ಬರುತ್ತದೆ. ಆಗ ಫೈಲು ತೆರೆದು ಏಳನೆಯ ಜಾಗ ನೋಡುತ್ತೇನೆ. ಅಲ್ಲಿ ನಾನು ಬರೆದದ್ದೇ ಇರುತ್ತದೆ.